ಮಹಾಕುಸಿತಕ್ಕೆ ಸರ್ಕಾರ ಕೊಟ್ಟ ಮದ್ದು: ನ್ಯೂ ಡೀಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಷೇರುಪೇಟೆ ಸ್ವಲ್ಪ ಅಲುಗಾಡಿದರೆ ಸಾಕು, ‘1929 ಮತ್ತೆ ಬಂತೇ?’ ಎಂಬ ಮಾತು ಏಳುತ್ತದೆ. ಅದರ ಬೆನ್ನಿಗೇ ‘ಸರ್ಕಾರ ಏನು ಮಾಡಬೇಕು?’ ಎಂಬುದೂ ಬರುತ್ತದೆ. ತರಗತಿಯಲ್ಲಿ, ಪತ್ರಗಳಲ್ಲಿ, ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾಗಲೂ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳ ಧಾಟಿ ಕೇಳಿದವರದೇ. ಉತ್ತರಗಳು ಬಹುಪಾಲು 1930ರ ದಶಕದ ಅಮೆರಿಕಕ್ಕೆ ಸೇರಿದವು. ಒಂದೇ ಕಾಯಿಲೆಗೆ ಒಂದೇ ಸರ್ಕಾರ ಹತ್ತಾರು ಮದ್ದುಗಳನ್ನು ಒಟ್ಟೊಟ್ಟಿಗೆ ಕುಡಿಸಿ ನೋಡಿದ್ದು ಅಲ್ಲಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಿಂದ ಕೊಟ್ಟ ಆ ಮದ್ದುಗಳ ಒಟ್ಟು ಹೆಸರೇ ನ್ಯೂ ಡೀಲ್.

## ಮೊದಲ ಮೆಟ್ಟಿಲು

ಹಿಂಜರಿತ, ಮಹಾಕುಸಿತ ಎಂದು ಪತ್ರಿಕೆಗಳಲ್ಲಿ ಎರಡೂ ಬರುತ್ತವೆ. ವ್ಯತ್ಯಾಸ ಏನು?

ಹಿಂಜರಿತ ಎಂದರೆ ಮಳೆ ತಪ್ಪಿದ ಒಂದು ವರ್ಷ. ಮಹಾಕುಸಿತ ಎಂದರೆ ಸಾಲು ಬರಗಾಲ. ಇಷ್ಟು ಬಿದ್ದರೆ ಮಹಾಕುಸಿತ ಎಂಬ ಸರ್ಕಾರಿ ಗೆರೆ ಯಾವುದೂ ಇಲ್ಲ. ಆದರೆ 1929ರಿಂದ 1933ರ ನಡುವೆ ಅಮೆರಿಕದಲ್ಲಿ ಆದದ್ದಕ್ಕೆ ಬೇರೆ ಹೆಸರು ಹೊಂದುವುದಿಲ್ಲ. ಒಟ್ಟು ಉತ್ಪನ್ನ ಕಾಲು ಭಾಗಕ್ಕೂ ಹೆಚ್ಚು ಕುಗ್ಗಿತು, ನಿರುದ್ಯೋಗ ಶೇ 3ರ ಆಸುಪಾಸಿನಿಂದ ಶೇ 25ಕ್ಕೆ ಏರಿತು. ಇದರ ಜೊತೆಗೆ ಬೆಲೆಗಳೂ ಸುಮಾರು ಕಾಲು ಭಾಗ ಇಳಿದವು.

ಬೆಲೆ ಇಳಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಸಾಲಗಾರನ ಜಾಗದಲ್ಲಿ ನಿಂತು ನೋಡಿ. ಒಂದು ಬುಶೆಲ್ ಗೋಧಿಗೆ ಸುಮಾರು ಒಂದು ಡಾಲರ್ ಇದ್ದಾಗ ಸಾಲ ಮಾಡಿದ ರೈತ, 1932ರಲ್ಲಿ ಅದೇ ಬುಶೆಲ್‌ಗೆ 40 ಸೆಂಟ್ ಕೂಡ ಸಿಗದೆ ನಿಂತಿದ್ದ. ಪತ್ರದಲ್ಲಿ ಸಾಲ ಅಷ್ಟೇ ಇತ್ತು. ಗೋಧಿಯ ಲೆಕ್ಕದಲ್ಲಿ ಎರಡೂವರೆ ಪಟ್ಟಾಗಿತ್ತು.

ಷೇರು ಬಿದ್ದರೆ ಷೇರು ಕೊಂಡವನು ಅಳಲಿ. ಕೂಲಿಯವನಿಗೆ ಏನು ಸಂಬಂಧ?

ನ್ಯಾಯವಾದ ಪ್ರಶ್ನೆ. ಆಗ ಷೇರು ಇಟ್ಟುಕೊಂಡಿದ್ದವರು ಅಮೆರಿಕದ ಜನಸಂಖ್ಯೆಯಲ್ಲಿ ಸಣ್ಣ ಪಾಲು. 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈಯಲ್ಲಿ 41ಕ್ಕೆ ಇಳಿದದ್ದು ಭೀಕರವೇ. ಆದರೂ ಊರೂರಿಗೆ ಬೆಂಕಿ ಹಬ್ಬಿಸಿದ್ದು ಬ್ಯಾಂಕುಗಳು. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಠೇವಣಿಗೆ ವಿಮೆ ಇರಲಿಲ್ಲ. ಪಕ್ಕದ ಊರಿನ ಬ್ಯಾಂಕು ಮುಳುಗಿತೆಂದು ಕೇಳಿದವನು ತನ್ನ ಊರಿನ ಬ್ಯಾಂಕಿನ ಮುಂದೆ ಸಾಲು ನಿಂತ. ಆ ಸಾಲೇ ಗಟ್ಟಿಯಾಗಿದ್ದ ಬ್ಯಾಂಕನ್ನೂ ಮುಳುಗಿಸಿತು. ಬ್ಯಾಂಕು ಮುಚ್ಚಿದರೆ ಅಂಗಡಿಯವನಿಗೆ ಕೈಸಾಲವಿಲ್ಲ, ಕಾರ್ಖಾನೆಗೆ ಶನಿವಾರದ ಬಟವಾಡೆಗೆ ಹಣವಿಲ್ಲ. ಕೂಲಿಯವನ ಮನೆಗೆ ಕುಸಿತ ಬಂದದ್ದು ಈ ಬಾಗಿಲಿನಿಂದ.

ಅಧ್ಯಕ್ಷ ಹೂವರ್ ಏನೂ ಮಾಡದೆ ಕೈಕಟ್ಟಿ ಕುಳಿತಿದ್ದರು ಎಂದು ಓದಿದ್ದೇನೆ. ನಿಜವೇ?

ಪೂರ್ತಿ ನಿಜವಲ್ಲ. ಮೊದಲ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಂಗೆ ಅನ್ನ ತಲುಪಿಸಿ ಹೆಸರಾದ ಮನುಷ್ಯ ಅವರು. ಕೂಲಿ ಇಳಿಸಬೇಡಿ ಎಂದು ಕೈಗಾರಿಕೋದ್ಯಮಿಗಳನ್ನು ಕರೆಸಿ ಕೇಳಿಕೊಂಡರು. 1932ರ ಜನವರಿಯಲ್ಲಿ ಬ್ಯಾಂಕುಗಳಿಗೂ ರೈಲ್ವೆಗಳಿಗೂ ಸಾಲ ಕೊಡುವ ಪುನರ್ನಿರ್ಮಾಣ ಹಣಕಾಸು ನಿಗಮವನ್ನು ಕಟ್ಟಿದರು. ಆದರೆ ಹಸಿದವನ ಕೈಗೆ ಕೇಂದ್ರ ಸರ್ಕಾರ ನೇರವಾಗಿ ಹಣ ಕೊಡಬಾರದು, ಅದು ಊರಿನ ಮತ್ತು ದಾನಿಗಳ ಕೆಲಸ ಎಂಬ ನಂಬಿಕೆಯನ್ನು ಅವರು ಬಿಡಲಿಲ್ಲ. 1930ರಲ್ಲಿ ಆಮದು ಸುಂಕ ಏರಿಸುವ ಸ್ಮೂಟ್–ಹಾಲೆ ಕಾಯ್ದೆಗೆ ಸಹಿ ಹಾಕಿದರು, 1932ರಲ್ಲಿ ಆಯವ್ಯಯ ಸರಿದೂಗಿಸಲು ತೆರಿಗೆ ಏರಿಸಿದರು. ಮುಗ್ಗಟ್ಟಿನ ನಡುವೆ ತೆರಿಗೆ ಏರಿಸುವುದು ಬಾವಿ ಬತ್ತುತ್ತಿರುವಾಗ ಇನ್ನೊಂದು ಕೊಡ ಇಳಿಬಿಟ್ಟಂತೆ.

ರೂಸ್‌ವೆಲ್ಟ್ ಬಂದ ಕೂಡಲೇ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದರಂತೆ. ಜನ ಇನ್ನಷ್ಟು ಹೆದರಲಿಲ್ಲವೇ?

ಇದು ನನಗೆ ಬಹಳ ಪ್ರಿಯವಾದ ಅಧ್ಯಾಯ. ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡದ್ದು 1933ರ ಮಾರ್ಚ್ 4ರಂದು. ಅಷ್ಟರೊಳಗೆ ಹೆಚ್ಚಿನ ರಾಜ್ಯಗಳು ತಾವೇ ಬ್ಯಾಂಕುಗಳಿಗೆ ರಜೆ ಕೊಟ್ಟಿದ್ದವು ಅಥವಾ ಹಣ ತೆಗೆಯಲು ಮಿತಿ ಹಾಕಿದ್ದವು. ಅವರು 6ರಂದು ದೇಶಕ್ಕೆಲ್ಲ ಬ್ಯಾಂಕ್ ರಜೆ ಘೋಷಿಸಿದರು. 9ರಂದು ಸಂಸತ್ತು ತುರ್ತು ಬ್ಯಾಂಕಿಂಗ್ ಕಾಯ್ದೆಯನ್ನು ಒಂದೇ ದಿನದಲ್ಲಿ ಅಂಗೀಕರಿಸಿತು. ಲೆಕ್ಕ ನೋಡಿ, ಗಟ್ಟಿಯಾದವನ್ನು ಮಾತ್ರ ತೆರೆಯುತ್ತೇವೆ ಎಂಬುದು ಅದರ ತಿರುಳು. 12ರ ಭಾನುವಾರ ರಾತ್ರಿ ರೇಡಿಯೊದಲ್ಲಿ ಅಧ್ಯಕ್ಷರು, ಬ್ಯಾಂಕು ನಿಮ್ಮ ಹಣವನ್ನು ಕಪಾಟಿನಲ್ಲಿ ಇಟ್ಟುಕೊಂಡು ಕುಳಿತಿರುವುದಿಲ್ಲ, ಸಾಲ ಕೊಟ್ಟಿರುತ್ತದೆ ಎಂಬಲ್ಲಿಂದ ಶುರುಮಾಡಿ ಎಲ್ಲವನ್ನೂ ಮನೆಮಂದಿಗೆ ಹೇಳುವಂತೆ ಬಿಡಿಸಿ ಹೇಳಿದರು. ಮರುದಿನ ಬ್ಯಾಂಕುಗಳು ತೆರೆಯತೊಡಗಿದಾಗ ಜನ ಸಾಲು ನಿಂತದ್ದು ಹಣ ಕಟ್ಟಲು! 15ರಂದು ಷೇರುಪೇಟೆ ಒಂದೇ ದಿನದಲ್ಲಿ ಶೇ 15ರಷ್ಟು ಏರಿತು.

ಆ ವರ್ಷದ ಜೂನ್‌ನಲ್ಲಿ ಠೇವಣಿ ವಿಮೆಯ ಕಾಯ್ದೆ ಬಂತು. 1934ರ ಜನವರಿ 1ರಿಂದ 2,500 ಡಾಲರ್‌ವರೆಗಿನ ಠೇವಣಿಗೆ ರಕ್ಷಣೆ ಸಿಕ್ಕಿತು. ತಮಾಷೆಯೆಂದರೆ ಈ ವಿಮೆ ರೂಸ್‌ವೆಲ್ಟ್ ಅವರಿಗೆ ಮೊದಲು ಇಷ್ಟವಿರಲಿಲ್ಲ. ಅವರ ಕಾಲದ ಅತ್ಯಂತ ಬಾಳಿಕೆಯ ಸುಧಾರಣೆಗಳಲ್ಲಿ ಒಂದನ್ನು ಅವರು ಅರೆಮನಸ್ಸಿನಿಂದ ಒಪ್ಪಿದ್ದು. ನಮ್ಮಲ್ಲಿ ಇಂಥ ವಿಮೆ 1962ರಲ್ಲಿ ಜಾರಿಗೆ ಬಂತು. ಅದಕ್ಕೆ ಕಾರಣವಾದ ಘಟನೆಗಳಲ್ಲಿ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ್ದೂ ಒಂದು. 2020ರಿಂದ ಮಿತಿ 5 ಲಕ್ಷ ರೂಪಾಯಿ.

## ಯೋಜನೆಗಳ ಒಳಹೊಕ್ಕು

ಸಿ.ಸಿ.ಸಿ., ಪಿ.ಡಬ್ಲ್ಯು.ಎ., ಡಬ್ಲ್ಯು.ಪಿ.ಎ., ಟಿ.ವಿ.ಎ... ಪರೀಕ್ಷೆಗೆ ಇವನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಅಕ್ಷರಗಳನ್ನು ಬಾಯಿಪಾಠ ಮಾಡಬೇಡಿ, ಹಣ ಯಾರ ಕೈಗೆ ಹೋಯಿತು ಎಂದು ನೋಡಿ. ಸಿ.ಸಿ.ಸಿ.ಯ (ಸಿವಿಲಿಯನ್ ಕನ್ಸರ್ವೇಶನ್ ಕೋರ್) ಹಣ ಮದುವೆಯಾಗದ ಹುಡುಗರಿಗೆ: ಕಾಡಿನ ಶಿಬಿರದಲ್ಲಿ ಗಿಡ ನೆಡುವ ಕೆಲಸ, ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ. ಹೆರಾಲ್ಡ್ ಇಕೀಸ್ ನಡೆಸಿದ ಪಿ.ಡಬ್ಲ್ಯು.ಎ.ಯ (ಪಬ್ಲಿಕ್ ವರ್ಕ್ಸ್ ಆಡಳಿತ) ಹಣ ಗುತ್ತಿಗೆದಾರರ ಮೂಲಕ ಅಣೆಕಟ್ಟು, ಸೇತುವೆ, ಸುರಂಗಗಳಿಗೆ. ಹ್ಯಾರಿ ಹಾಪ್‌ಕಿನ್ಸ್ ನಡೆಸಿದ ಡಬ್ಲ್ಯು.ಪಿ.ಎ.ಯ (ವರ್ಕ್ಸ್ ಪ್ರೋಗ್ರೆಸ್ ಆಡಳಿತ) ಹಣ ಪರಿಹಾರದ ಪಟ್ಟಿಯಲ್ಲಿದ್ದ ಮನೆಯ ಒಬ್ಬರಿಗೆ ಸಂಬಳವಾಗಿ. ಇಕೀಸ್ ಪೈಸೆ ಪೈಸೆ ಲೆಕ್ಕ ನೋಡುವ ನಿಧಾನಿ. ಹಾಪ್‌ಕಿನ್ಸ್ ಕಚೇರಿಗೆ ಬಂದ ಮೊದಲ ಎರಡು ಗಂಟೆಯಲ್ಲೇ 50 ಲಕ್ಷ ಡಾಲರ್‌ಗೂ ಹೆಚ್ಚು ಹಂಚಿದ ಅವಸರಗಾರ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಕುಸಿತದ ಹೊತ್ತಿನಲ್ಲಿ ಬೇಕಾದದ್ದು ಹಾಪ್‌ಕಿನ್ಸ್ ವೇಗ, ನೂರು ವರ್ಷ ನಿಲ್ಲುವ ಕಟ್ಟಡಕ್ಕೆ ಬೇಕಾದದ್ದು ಇಕೀಸ್ ಜಿಪುಣತನ. ಎರಡನ್ನೂ ಒಂದೇ ಇಲಾಖೆಯಿಂದ ಕೇಳಿದವರು ಎಲ್ಲ ದೇಶದಲ್ಲೂ ಸೋತಿದ್ದಾರೆ.

ಮನೆಮನೆಗೆ ದುಡ್ಡು ಹಂಚಿದ್ದರೆ ಖರ್ಚೂ ಕಡಿಮೆ, ಬೇಗವೂ ತಲುಪುತ್ತಿತ್ತು. ಕೆಲಸ ಯಾಕೆ ಮಾಡಿಸಿದರು?

ಮೊದಲು ಹಂಚಿಯೇ ನೋಡಿದರು. 1933ರ ಮೇ ತಿಂಗಳಲ್ಲಿ 50 ಕೋಟಿ ಡಾಲರ್‌ನೊಂದಿಗೆ ಶುರುವಾದ ತುರ್ತು ಪರಿಹಾರ ಆಡಳಿತ ರಾಜ್ಯಗಳ ಮೂಲಕ ಪರಿಹಾರ ಕೊಟ್ಟಿತು. ಆದರೆ ಪರಿಹಾರ ಬೇಕೆಂದರೆ ಅಧಿಕಾರಿ ಮನೆಗೆ ಬಂದು ಅಡುಗೆಮನೆಯ ಡಬ್ಬಿ ತೆರೆದು ನೋಡುತ್ತಿದ್ದ. ನಿನ್ನೆಯವರೆಗೆ ದುಡಿದು ತಿಂದವರಿಗೆ ಆ ನೋಟ ಹಸಿವಿಗಿಂತ ದೊಡ್ಡ ಪೆಟ್ಟು.

ಆ ವರ್ಷದ ಚಳಿಗಾಲಕ್ಕೆ ಹಾಪ್‌ಕಿನ್ಸ್ ಸಿವಿಲ್ ವರ್ಕ್ಸ್ ಆಡಳಿತವನ್ನು ಎಬ್ಬಿಸಿ ನಿಲ್ಲಿಸಿದರು. ನವೆಂಬರ್‌ನಲ್ಲಿ ಆರಂಭ, ಜನವರಿಯ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಜನ ಕೆಲಸದಲ್ಲಿ. ಅರ್ಧದಷ್ಟು ಜನರನ್ನು ಬಡತನದ ತಪಾಸಣೆಯೇ ಇಲ್ಲದೆ ತೆಗೆದುಕೊಂಡರು. ಖರ್ಚಿಗೆ ಹೆದರಿದ ರೂಸ್‌ವೆಲ್ಟ್ 1934ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. 1935ರಲ್ಲಿ ಅದರ ತಮ್ಮನಂತೆ ಡಬ್ಲ್ಯು.ಪಿ.ಎ. ಬಂತು. ಸಂಬಳ ಪರಿಹಾರಕ್ಕಿಂತ ಹೆಚ್ಚು, ಪೇಟೆಯ ಕೂಲಿಗಿಂತ ಕಡಿಮೆ. ಆರಂಭದಲ್ಲಿ ಊರು ಮತ್ತು ಕುಶಲತೆ ನೋಡಿ ತಿಂಗಳಿಗೆ 19ರಿಂದ 94 ಡಾಲರ್. 1943ರಲ್ಲಿ ಮುಚ್ಚುವವರೆಗೆ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ಆರೂವರೆ ಲಕ್ಷ ಮೈಲಿಯಷ್ಟು ರಸ್ತೆ, ಒಂದು ಲಕ್ಷಕ್ಕೂ ಹೆಚ್ಚು ಕಟ್ಟಡ. ಸಲಿಕೆಗೆ ಒರಗಿ ನಿಂತ ಕೆಲಸಗಾರನ ವ್ಯಂಗ್ಯಚಿತ್ರವೂ ಅಷ್ಟೇ ಪ್ರಸಿದ್ಧ. ಬರಹಗಾರರಿಗೆ, ಚಿತ್ರಕಾರರಿಗೆ, ನಟರಿಗೂ ಕೆಲಸ ಕೊಟ್ಟರು. ಗುಲಾಮಗಿರಿಯನ್ನು ಸ್ವತಃ ಅನುಭವಿಸಿ ಇನ್ನೂ ಬದುಕಿದ್ದ ಮುದುಕ ಮುದುಕಿಯರ 2,300ಕ್ಕೂ ಹೆಚ್ಚು ಮಾತುಗಳನ್ನು ಬರೆದಿಟ್ಟುಕೊಂಡದ್ದು ಈ ಬರಹಗಾರರೇ. ರಸ್ತೆ ಸವೆದು ಹೋದರೂ ಅದೊಂದು ಉಳಿಯುತ್ತದೆ.

ಬರಗಾಲದ ಕಾಮಗಾರಿ, ಕೂಲಿಗಾಗಿ ಕಾಳು ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಒಂದು ವ್ಯತ್ಯಾಸ ಗಮನಿಸಿ: 2005ರ ನಮ್ಮ ಉದ್ಯೋಗ ಖಾತ್ರಿ ಕಾಯ್ದೆ ಕೆಲಸ ಕೇಳುವುದನ್ನು ಹಕ್ಕಾಗಿಸಿತು. ಡಬ್ಲ್ಯು.ಪಿ.ಎ.ಯಲ್ಲಿ ಹಕ್ಕು ಇರಲಿಲ್ಲ. ಆ ವರ್ಷ ಸಂಸತ್ತು ಎಷ್ಟು ಹಣ ಬಿಟ್ಟಿತೋ ಅಷ್ಟು ಜನಕ್ಕೆ ಕೆಲಸ.

ಜನ ಹಸಿದಿರುವಾಗ ಹಂದಿಮರಿ ಕೊಂದು, ಹತ್ತಿ ಬೆಳೆ ಉತ್ತುಹಾಕಿದ್ದು ಹುಚ್ಚುತನವಲ್ಲವೇ?

ನೋಡಿದವರಿಗೆ ಹಾಗೇ ಕಂಡಿತು. 1933ರಲ್ಲಿ ಸುಮಾರು 60 ಲಕ್ಷ ಹಂದಿಗಳನ್ನು ಸರ್ಕಾರ ಕೊಂಡು ಕೊಲ್ಲಿಸಿತು, ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಬೆಳೆದು ನಿಂತಿರುವಾಗಲೇ ಉತ್ತುಹಾಕಿಸಿತು. ಲೆಕ್ಕ ಇಷ್ಟೇ: 1929ರಲ್ಲಿ ಪೌಂಡಿಗೆ 17 ಸೆಂಟ್‌ನಷ್ಟಿದ್ದ ಹತ್ತಿ 1932ಕ್ಕೆ ಆರು ಸೆಂಟ್‌ನಷ್ಟಾಗಿತ್ತು; ಬೆಳೆ ಕಡಿಮೆ ಮಾಡಿದರೆ ಬೆಲೆ ಏರಬೇಕು, ಕಡಿಮೆ ಮಾಡಿದವನಿಗೆ ಸರ್ಕಾರ ಹಣ ಕೊಡಬೇಕು. ಟೊಮೆಟೊ ರಸ್ತೆಗೆ ಸುರಿದ ಸುದ್ದಿಯನ್ನು ಕೋಲಾರದ ಕಡೆಯಿಂದ ವರ್ಷ ಬಿಟ್ಟು ವರ್ಷ ಓದುವ ನಮಗೆ ಇದರ ಹಿಂದಿನ ಸಂಕಟ ಗೊತ್ತು. ರೈತರ ವರಮಾನ 1935ರ ಹೊತ್ತಿಗೆ ಗಣನೀಯವಾಗಿ ಏರಿತು. ಅದರಲ್ಲಿ ಬರಗಾಲದ ಪಾಲೂ ಇತ್ತೆನ್ನುವುದನ್ನು ಮರೆಯಬಾರದು.

ನನ್ನ ತಕರಾರು ಹಂದಿಯದಲ್ಲ, ಗೇಣಿದಾರನದು. ಹಣ ಹೋದದ್ದು ಜಮೀನಿನ ಒಡೆಯನಿಗೆ. ಬೆಳೆ ಕಡಿಮೆ ಮಾಡೆಂದರೆ ಅವನು ಮೊದಲು ಬಿಡಿಸಿದ್ದು ಪಾಲಿಗೆ ಉಳುತ್ತಿದ್ದವನನ್ನು. ದಕ್ಷಿಣದ ಹತ್ತಿಸೀಮೆಯಲ್ಲಿ ಸಾವಿರಾರು ಪಾಲುಗಾರರು, ಕರಿಯರೂ ಬಿಳಿಯರೂ, ಬೀದಿಗೆ ಬಿದ್ದರು. 1934ರಲ್ಲಿ ಆರ್ಕನ್ಸಾದಲ್ಲಿ ಇಬ್ಬರೂ ಸೇರಿ ಒಂದೇ ಗೇಣಿದಾರರ ಸಂಘ ಕಟ್ಟಿದ್ದು ಆ ಸಿಟ್ಟಿನಿಂದ.

ಟೆನೆಸ್ಸಿ ಕಣಿವೆ ಯೋಜನೆಯನ್ನು ನಮ್ಮವರೂ ನಕಲು ಮಾಡಿದರಂತೆ?

ಹೌದು, 1948ರ ದಾಮೋದರ ಕಣಿವೆ ನಿಗಮಕ್ಕೆ ಅದೇ ಮಾದರಿ. ಅಲ್ಲಿ ದುಡಿದ ಎಂಜಿನಿಯರ್ ವೂರ್ಡುಯಿನ್ ಇಲ್ಲಿಗೆ ಬಂದು ಪ್ರಾಥಮಿಕ ಯೋಜನೆ ಬರೆದುಕೊಟ್ಟರು. ಮೂಲ ಯೋಜನೆ, ಅಂದರೆ ಟಿ.ವಿ.ಎ., 1933ರ ಮೇ ತಿಂಗಳದು. ನೆರೆ ತಡೆ, ವಿದ್ಯುತ್, ಗೊಬ್ಬರ, ದೋಣಿ ಸಂಚಾರ ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿ. ಅಣೆಕಟ್ಟಿನ ಹಿನ್ನೀರು ಅಲ್ಲೂ ಸಾವಿರಾರು ಕುಟುಂಬಗಳ ಮನೆ, ಮಸಣಗಳನ್ನು ನುಂಗಿತು. ವಿದ್ಯುತ್ತಿನ ಕತೆ ಮಾತ್ರ ಅಪ್ಪಟ ಗೆಲುವು. 1930ರ ದಶಕದ ನಡುವೆ ಹತ್ತರಲ್ಲಿ ಒಂದು ರೈತನ ಮನೆಗಷ್ಟೇ ದೀಪವಿತ್ತು. 1935ರ ಗ್ರಾಮೀಣ ವಿದ್ಯುದೀಕರಣ ಆಡಳಿತ ಸಹಕಾರ ಸಂಘಗಳಿಗೆ ಸಾಲ ಕೊಟ್ಟು ತಂತಿ ಎಳೆಸಿತು.

ಮುದುಕರಿಗೆ ಪಿಂಚಣಿ ಕೊಟ್ಟರೆ ಮುಗ್ಗಟ್ಟು ಹೇಗೆ ಇಳಿಯುತ್ತದೆ?

ಆ ಹೊತ್ತಿಗೆ ಇಳಿಯಲಿಲ್ಲ, ಸ್ವಲ್ಪ ಹೆಚ್ಚೇ ಮಾಡಿತು! 1935ರ ಸಾಮಾಜಿಕ ಭದ್ರತಾ ಕಾಯ್ದೆಯ ವಂತಿಗೆಯನ್ನು 1937ರಿಂದ ಸಂಬಳದಲ್ಲಿ ಹಿಡಿಯತೊಡಗಿದರು. ತಿಂಗಳ ಪಿಂಚಣಿ ಶುರುವಾದದ್ದು 1940ರಲ್ಲಿ. ನಡುವಿನ ವರ್ಷಗಳಲ್ಲಿ ಅದು ಜನರ ಜೇಬಿನಿಂದ ಹಣ ಎಳೆದುಕೊಂಡಿತು. ಅದರ ಬೆಲೆ ತಿಳಿದದ್ದು ಮುಂದಿನ ಕುಸಿತಗಳಲ್ಲಿ. ಅದೇ ಕಾಯ್ದೆಯಡಿ ಬಂದ ನಿರುದ್ಯೋಗ ವಿಮೆ, ಕೆಲಸ ಹೋದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಹಣ ಬಿಡುಗಡೆ ಮಾಡುತ್ತದೆ.

ಕರಿಯರಿಗೂ ಹೆಂಗಸರಿಗೂ ಇದರಲ್ಲಿ ಪಾಲು ಸಿಕ್ಕಿತೇ?

ಸಿಕ್ಕಿತು, ಅರೆಬರೆ. ಸಾಮಾಜಿಕ ಭದ್ರತೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದುಡಿಯುವ ಕರಿಯರಲ್ಲಿ ಹೆಚ್ಚಿನವರು ಈ ಎರಡು ಕೆಲಸಗಳಲ್ಲೇ ಇದ್ದರು. ದಕ್ಷಿಣದ ಬಿಳಿಯ ಸಂಸದರ ಹಟ ಇದಕ್ಕೆ ಕಾರಣ ಎಂದು ಕೆಲವು ಇತಿಹಾಸಕಾರರು, ಅಂಥವರಿಂದ ವಂತಿಗೆ ವಸೂಲಿ ಕಷ್ಟವೆಂಬ ಖಜಾನೆಯ ಅಳುಕು ಎಂದು ಇನ್ನು ಕೆಲವರು. ಸಾಲ ತೀರಿಸಲಾಗದವರ ಮನೆ ಉಳಿಸಿಕೊಟ್ಟ ಸರ್ಕಾರಿ ನಿಗಮವು ನಗರಗಳ ನಕ್ಷೆ ಬರೆಸಿ, ಕರಿಯರಿದ್ದ ಬಡಾವಣೆಗಳಿಗೆ ಅಪಾಯದ ಕೆಂಪು ಬಣ್ಣ ಬಳಿಸಿತು. ಸಿ.ಸಿ.ಸಿ. ಶಿಬಿರಗಳಲ್ಲಿ ಕರಿಯರನ್ನು ಬೇರೆ ಇಟ್ಟರು. ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಹಟ ಹಿಡಿದ ಮೇಲೆ ಕೆಲವು ಸಾವಿರ ಹೆಂಗಸರಿಗೆ ಪ್ರತ್ಯೇಕ ಶಿಬಿರಗಳಾದವು. ಇಷ್ಟಾದರೂ ಡಬ್ಲ್ಯು.ಪಿ.ಎ.ಯ ಸಂಬಳ ದಕ್ಷಿಣದ ಹೊಲದ ಕೂಲಿಗಿಂತ ಮೇಲಿತ್ತು. 1936ರ ಚುನಾವಣೆಯಲ್ಲಿ ಕರಿಯ ಮತದಾರರು ಲಿಂಕನ್ನರ ರಿಪಬ್ಲಿಕನ್ ಪಕ್ಷವನ್ನು ಬಿಟ್ಟು ರೂಸ್‌ವೆಲ್ಟ್ ಕಡೆಗೆ ಬಂದದ್ದಕ್ಕೆ ಆ ಸಂಬಳವೂ ಒಂದು ಕಾರಣ.

## ಇನ್ನೂ ಮುಗಿಯದ ವಾದಗಳು

ಸುಪ್ರೀಂ ಕೋರ್ಟ್ ಇವುಗಳಿಗೆ ಅಡ್ಡ ಬಂದದ್ದು ಯಾಕೆ?

ಕೇಂದ್ರಕ್ಕೆ ಇಷ್ಟು ಅಧಿಕಾರ ಸಂವಿಧಾನ ಕೊಟ್ಟಿಲ್ಲ ಎಂಬ ಕಾರಣಕ್ಕೆ. 1935ರ ಮೇ 27ರಂದು ಬ್ರೂಕ್ಲಿನ್ನಿನ ಕೋಳಿ ವ್ಯಾಪಾರಿಗಳ ಮೊಕದ್ದಮೆಯಲ್ಲಿ ಪ್ರತಿ ಉದ್ಯಮಕ್ಕೂ ಬೆಲೆ, ಕೂಲಿಗಳ ನಿಯಮ ಬರೆಸಿದ ಕೈಗಾರಿಕಾ ಸಂಹಿತೆಗಳ ಕಾಯ್ದೆ ಒಮ್ಮತದಿಂದ ಬಿತ್ತು, 1936ರ ಜನವರಿಯಲ್ಲಿ ಹಂದಿ, ಹತ್ತಿಯ ಆ ಕೃಷಿ ಕಾಯ್ದೆಯೂ ಬಿತ್ತು. ಕೆರಳಿದ ರೂಸ್‌ವೆಲ್ಟ್ 1937ರಲ್ಲಿ ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸಲು ಹೊರಟು ಸ್ವಪಕ್ಷದಲ್ಲೇ ಮುಖಭಂಗ ಅನುಭವಿಸಿದರು. ಆದರೆ ಆ ವರ್ಷವೇ ಕೋರ್ಟಿನ ಒಲವು ತಿರುಗಿ ಸಾಮಾಜಿಕ ಭದ್ರತೆ ಉಳಿಯಿತು. ಕೈಗಾರಿಕಾ ಸಂಹಿತೆಗಳು ಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಅನಿಸಿಕೆ. ಉತ್ಪಾದನೆ ತಗ್ಗಿಸಿ ಬೆಲೆ ಏರಿಸುವ ಕೂಟ ಕಟ್ಟಲು ಕಂಪನಿಗಳಿಗೆ ಅವು ಪರವಾನಗಿ ಕೊಟ್ಟಿದ್ದವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಸರ್ಕಾರ ಸಾಲ ಮಾಡಿ ಖರ್ಚು ಮಾಡಿದರೆ ದೇಶ ದಿವಾಳಿಯಾಗುವುದಿಲ್ಲವೇ?

ಗಾದೆ ಮನೆಗೆ ಸರಿ. ಊರಿನವರೆಲ್ಲ ಒಟ್ಟಿಗೆ ಕಾಲು ಮಡಚಿದರೆ ಹಾಸಿಗೆಯೇ ಕುಗ್ಗುತ್ತದೆ: ನಾನು ಹೊಲಿಸುವುದನ್ನು ಬಿಟ್ಟರೆ ದರ್ಜಿಗೆ ವರಮಾನವಿಲ್ಲ, ದರ್ಜಿ ಹೋಟೆಲಿಗೆ ಹೋಗುವುದನ್ನು ಬಿಟ್ಟರೆ ಮಾಣಿಗೆ ಕೆಲಸವಿಲ್ಲ. ಎಲ್ಲರೂ ಕೈ ಬಿಗಿಹಿಡಿದಾಗ ಯಾರಾದರೊಬ್ಬರು ಬಿಚ್ಚಬೇಕು. ಅಷ್ಟು ಸಾಲ ಹುಟ್ಟುವುದು ಸರ್ಕಾರಕ್ಕೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಇದನ್ನು ಶಾಸ್ತ್ರವಾಗಿ ಬರೆದದ್ದು 1936ರಲ್ಲಿ, ನ್ಯೂ ಡೀಲ್ ಆಗಲೇ ಮೂರು ವರ್ಷದ ಮಗು.

ರೂಸ್‌ವೆಲ್ಟ್ ಸಾಲದ ಭಕ್ತರಾಗಿರಲಿಲ್ಲ. 1932ರ ಪ್ರಚಾರದಲ್ಲಿ ಖರ್ಚು ಕಾಲು ಭಾಗ ಇಳಿಸುವೆನೆಂದಿದ್ದರು. 1933ರ ಮಾರ್ಚ್‌ನಲ್ಲೇ ನೌಕರರ ಸಂಬಳ, ಮಾಜಿ ಸೈನಿಕರ ಭತ್ಯೆ ಕತ್ತರಿಸಿದರು. ಆ ದಶಕದ ಯಾವ ವರ್ಷವೂ ಕೇಂದ್ರದ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ 6ನ್ನು ದಾಟಲಿಲ್ಲ. 1943ರ ಯುದ್ಧದ ಕೊರತೆ ಕಾಲು ಭಾಗಕ್ಕೂ ಮಿಗಿಲು.

ಕೊನೆಗೆ ಮುಗ್ಗಟ್ಟು ಕಳೆದದ್ದು ನ್ಯೂ ಡೀಲ್‌ನಿಂದಲೋ ಯುದ್ಧದಿಂದಲೋ? ಒಂದೇ ಉತ್ತರ ಹೇಳಿ.

ಒಂದೇ ಉತ್ತರ ಹೇಳುವವರನ್ನು ನಂಬಬೇಡಿ. 1933ರಿಂದ 1937ರವರೆಗೆ ಉತ್ಪನ್ನ ವರ್ಷಕ್ಕೆ ಸರಾಸರಿ ಶೇ 8ಕ್ಕೂ ವೇಗವಾಗಿ ಬೆಳೆಯಿತು. ಇದರಲ್ಲಿ ದೊಡ್ಡ ಪಾಲು ಕಾಮಗಾರಿಗಳದಲ್ಲ, ಹಣದ್ದು ಎಂದು ಇಂದಿನ ಹಲವು ಅರ್ಥಶಾಸ್ತ್ರಜ್ಞರ ಮಾತು. ನಾನೂ ಆ ಕಡೆಗೇ. ಇಂತಿಷ್ಟು ಚಿನ್ನಕ್ಕೆ ಇಷ್ಟೇ ಡಾಲರ್ ಎಂಬ ಹಳೆಯ ಕಟ್ಟಿನಿಂದ ಡಾಲರ್ ಅನ್ನು ಬಿಡಿಸಿ, 1934ರಲ್ಲಿ ಔನ್ಸ್ ಚಿನ್ನದ ದರವನ್ನು 20.67ರಿಂದ 35 ಡಾಲರ್‌ಗೆ ಏರಿಸಿದ ಮೇಲೆ ಯುರೋಪಿನ ಚಿನ್ನ ಅಮೆರಿಕಕ್ಕೆ ಹರಿದು ಬಂತು, ಚಲಾವಣೆಯ ಹಣ ಹೆಚ್ಚಿತು, ಬೆಲೆ ಏರತೊಡಗಿತು. ಚಿನ್ನವನ್ನು ಬೇಗ ಬಿಟ್ಟ ದೇಶಗಳೇ ಬೇಗ ಚೇತರಿಸಿಕೊಂಡವು: ಬ್ರಿಟನ್ 1931ರಲ್ಲಿ ಬಿಟ್ಟಿತು, 1936ರವರೆಗೆ ಹಿಡಿದು ಕುಳಿತ ಫ್ರಾನ್ಸ್ ತಡವಾಗಿ ಎದ್ದಿತು.

1937ರಲ್ಲಿ, ಕಾಯಿಲೆ ವಾಸಿಯಾಯಿತೆಂದು ಮದ್ದು ನಿಲ್ಲಿಸಿದರು. ಖರ್ಚು ಕಡಿತ, ಹೊಸ ವಂತಿಗೆ, ಬ್ಯಾಂಕುಗಳು ಸಾಲ ಕೊಡದೆ ತೆಗೆದಿಡಬೇಕಾದ ಮೀಸಲು ನಿಧಿಯ ಪ್ರಮಾಣ ದುಪ್ಪಟ್ಟು. ಮುಂದಿನ ವರ್ಷ ನಿರುದ್ಯೋಗ ಶೇ 14ರಿಂದ 19ಕ್ಕೆ ಜಿಗಿಯಿತು. ಈ ಅಂಕಿಗಳಲ್ಲೂ ಒಂದು ಜಗಳವಿದೆ: ಡಬ್ಲ್ಯು.ಪಿ.ಎ. ಕೆಲಸಗಾರರನ್ನು ಇಲ್ಲಿ ನಿರುದ್ಯೋಗಿಗಳೆಂದೇ ಎಣಿಸಿದೆ. ಅವರನ್ನು ಉದ್ಯೋಗಿಗಳೆಂದು ಎಣಿಸಿದರೆ ಸುಮಾರು 9ರಿಂದ 12.5. ಅಂಕಣಕಾರರು ತಮಗೆ ಬೇಕಾದ ಸಾಲನ್ನು ಆರಿಸಿಕೊಳ್ಳುವುದು ಇಲ್ಲಿಯೇ. ಉಳಿದ ನಿರುದ್ಯೋಗವನ್ನು ಒರೆಸಿದ್ದು ಯುದ್ಧ, 1944ರಲ್ಲಿ ಅದು ಶೇ 1.2. ಯುದ್ಧವೂ ಸರ್ಕಾರಿ ಖರ್ಚೇ. ಅದಕ್ಕೆ ಹಣ ಕೇಳಿದಾಗ ಯಾರೂ ಹಾಸಿಗೆಯ ಗಾದೆ ಹೇಳಲಿಲ್ಲ.

ಆಗ ನಮ್ಮ ಕಡೆ ಏನಾಗಿತ್ತು? ಮೈಸೂರು ಸಂಸ್ಥಾನ ಏನು ಮಾಡಿತು?

ಬೆಳೆಗಳ ಬೆಲೆ ಅರ್ಧಕ್ಕೆ ಹತ್ತಿರ ಬಿದ್ದಿತ್ತು, ಕಂದಾಯ ಮಾತ್ರ ರೂಪಾಯಿಯಲ್ಲಿ ಅಷ್ಟೇ ಇತ್ತು. ಬ್ರಿಟಿಷ್ ಇಂಡಿಯಾ ಸರ್ಕಾರ ರೂಪಾಯಿಯನ್ನು 1 ಶಿಲಿಂಗ್ 6 ಪೆನ್ಸ್‌ಗೆ ಕಟ್ಟಿಹಾಕಿ ಖರ್ಚು ಕಡಿಮೆ ಮಾಡಿತು. ನ್ಯೂ ಡೀಲ್‌ನಂಥದ್ದು ಏನೂ ಇಲ್ಲ. 1931ರ ಸೆಪ್ಟೆಂಬರ್ ನಂತರ ಸಾಲ, ಕಂದಾಯ ತೀರಿಸಲು ಜನ ಮಾರಿದ ಒಡವೆಗಳು ಚಿನ್ನದ ಗಟ್ಟಿಗಳಾಗಿ ಹಡಗು ಹತ್ತಿದವು. ಅಂಕೋಲಾ, ಸಿದ್ದಾಪುರಗಳ ಕರನಿರಾಕರಣೆ ನಡೆದದ್ದು ಈ ವರ್ಷಗಳಲ್ಲೇ. ಅದು ಸ್ವಾತಂತ್ರ್ಯ ಹೋರಾಟದ ಭಾಗ ನಿಜ, ಆದರೆ ರೈತನ ಗಂಟು ಖಾಲಿಯಾಗಿದ್ದ ಕಾಲವೂ ಹೌದು.

ಮೈಸೂರಿನಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಇರ್ವಿನ್ ನಾಲೆಯ ಕೆಲಸ ಬಿಡಲಿಲ್ಲ. ಇಂದಿನ ವಿಶ್ವೇಶ್ವರಯ್ಯ ನಾಲೆ ಅದೇ. ಕನ್ನಂಬಾಡಿಯ ನೀರು ಬಂದ ಜಮೀನಿಗೆ ಕಬ್ಬು, ಕಬ್ಬಿಗೆ 1933ರ ಮಂಡ್ಯದ ಸಕ್ಕರೆ ಕಾರ್ಖಾನೆ, ಸಕ್ಕರೆಗೆ 1932ರ ಆಮದು ಸುಂಕದ ರಕ್ಷಣೆ. ಮುಗ್ಗಟ್ಟಿಗೆ ಮದ್ದೆಂದು ಇದನ್ನು ಯಾರೂ ಯೋಜಿಸಿರಲಿಲ್ಲ. ಆದರೂ ಕೆಟ್ಟ ವರ್ಷಗಳಲ್ಲಿ ಕಾಮಗಾರಿ ನಿಲ್ಲಿಸದ ಸರ್ಕಾರ ಏನು ಮಾಡಬಲ್ಲದೆಂದು ನೋಡಲು ಮಂಡ್ಯದ ಬಯಲು ಸಾಕು.

2008ರಲ್ಲಿ, ಕೊರೊನಾದಲ್ಲಿ ಈ ಪಾಠ ಉಪಯೋಗಕ್ಕೆ ಬಂತೇ?

ಬ್ಯಾಂಕಿನ ಪಾಠ ಚೆನ್ನಾಗಿ ಬಂತು. 2008ರಲ್ಲಿ ಅಮೆರಿಕದ ಸಾಮಾನ್ಯ ಠೇವಣಿದಾರರು 1933ರಂತೆ ದೇಶದುದ್ದಕ್ಕೂ ಸಾಲು ನಿಲ್ಲಲಿಲ್ಲ. 2009ರ 787 ಶತಕೋಟಿ ಡಾಲರ್ ಪ್ಯಾಕೇಜು ಸಾಲದಾಯಿತೆಂದು ಹಲವರು ಹೇಳಿದರು. ನಿರುದ್ಯೋಗ ಶೇ 10 ಮುಟ್ಟಿ ನಿಧಾನವಾಗಿ ಇಳಿಯಿತು. ಆ ಪಶ್ಚಾತ್ತಾಪದಿಂದಲೋ ಏನೋ, 2020ರ ಮಾರ್ಚ್‌ನಲ್ಲಿ ಒಂದೇ ಕಾಯ್ದೆಯಲ್ಲಿ 2.2 ಲಕ್ಷ ಕೋಟಿ ಡಾಲರ್ ಬಿಟ್ಟರು, ಈ ಸಲ ಅದರಲ್ಲೊಂದು ಪಾಲು ಕೆಲಸ ಕೇಳದೆ ಜನರ ಖಾತೆಗೆ ನೇರವಾಗಿ. ಹಿಂಜರಿತ ಎರಡೇ ತಿಂಗಳಲ್ಲಿ ಮುಗಿಯಿತು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1ಕ್ಕೆ ಏರಿತು. ಅದರಲ್ಲಿ ಈ ಹಣದ ಪಾಲೆಷ್ಟು, ಉಕ್ರೇನ್ ಯುದ್ಧದ್ದು ಮತ್ತು ಸರಕು ಕೊರತೆಯದು ಎಷ್ಟು ಎಂಬ ಜಗಳ ನಡೆದೇ ಇದೆ. ನಮ್ಮಲ್ಲಿ ನಗರದಿಂದ ನಡೆದುಕೊಂಡು ಊರಿಗೆ ಮರಳಿದವರಿಗೆ ಆಸರೆಯಾದದ್ದು ಉದ್ಯೋಗ ಖಾತ್ರಿ. 2020–21ರಲ್ಲಿ ಅದು ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಕೊಟ್ಟಿತು.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಆ ಕಾಲದ ಕೆಲಸಗಳು ಈಗಲೂ ನೋಡಲು ಸಿಗುತ್ತವೆಯೇ?

ನ್ಯೂಯಾರ್ಕಿಗಾದರೆ ನೀವು ಇಳಿಯುವ ನಿಲ್ದಾಣವೇ ಇರಬಹುದು: ಲಾಗಾರ್ಡಿಯಾ ಡಬ್ಲ್ಯು.ಪಿ.ಎ. ಹಣದಿಂದ ಕಟ್ಟಿದ್ದು. ಡೆನ್ವರ್ ಬಳಿಯ ರೆಡ್ ರಾಕ್ಸ್ ಬಯಲು ರಂಗಮಂದಿರ ಸಿ.ಸಿ.ಸಿ. ಹುಡುಗರದು, ಆರಿಗನ್‌ನ ಟಿಂಬರ್‌ಲೈನ್ ಲಾಡ್ಜ್ ಡಬ್ಲ್ಯು.ಪಿ.ಎ. ಬಡಗಿಗಳದು ಮತ್ತು ಕಮ್ಮಾರರದು. ಸಣ್ಣ ಊರಾದರೆ ಹಳೆಯ ಅಂಚೆ ಕಚೇರಿಯ ಗೋಡೆಯಲ್ಲಿ ಆ ಕಾಲದ ಚಿತ್ರವಿದೆಯೇ ಎಂದು ಇಣುಕಿ ನೋಡಿ. ಬೆಳಗಿನ ವಾಯುವಿಹಾರಕ್ಕೆ ಹೊರಟಾಗ ಹಳೆಯ ಬಡಾವಣೆಯ ಕಾಲುದಾರಿಯನ್ನು ಗಮನಿಸಿ; ಕಾಂಕ್ರೀಟು ಹಸಿ ಇದ್ದಾಗ ಒತ್ತಿದ ‘ಡಬ್ಲ್ಯು.ಪಿ.ಎ.’ ಅಕ್ಷರಗಳೂ 1938, 1939 ಎಂಬ ಇಸವಿಗಳೂ ಎಷ್ಟೋ ಊರುಗಳಲ್ಲಿ ಇನ್ನೂ ಮಾಸಿಲ್ಲ.